ಅವಲಂಬಿತರು: ಸೊನ್ನೆ

ಶ್ರೀಮತಿ ಪ್ರುಯೆಟ್ ಅವರೇ,
ನಿಮ್ಮ ಮೂರನೆಯ ಪ್ರಶ್ನೆಯ ಕೆಳಗೆ ಬಿಟ್ಟ ಜಾಗ
ಒಂದೂವರೆ ಗೆರೆ.
ಹಿಡಿಸದ್ದನ್ನು ಬೇರೆ ಹಾಳೆಯಲ್ಲಿ ಬರೆಯಬಹುದೆಂದು
ನೀವೇ ಅಂದಿರಿ. ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಒಹಾಯೊದಲ್ಲೇ.
ನಮ್ಮ ದಡದ ಹೆರಿಗೆ ವಾರ್ಡಿಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು;
ಅಮ್ಮ ಸೇತುವೆ ದಾಟಿ ಬಂದು ಹೆತ್ತು
ಮೂರನೆಯ ದಿನ ಅದೇ ಸೇತುವೆ ದಾಟಿ
ವೆಸ್ಟ್ ವರ್ಜೀನಿಯಕ್ಕೆ ಹೊತ್ತುಕೊಂಡು ಹೋದಳು.
ಹುಟ್ಟು ಲೆಕ್ಕಕ್ಕಿಲ್ಲ ಅಂದಿರಿ. ಸರಿ.
ಹನ್ನೆರಡು ತಿಂಗಳು ಎಡೆಬಿಡದೆ ಇರಬೇಕು,
ಇದ್ದದ್ದು ಬರೀ ಓದಲಿಕ್ಕೆ ಆಗಿರಬಾರದು,
ಇಲ್ಲೇ ಉಳಿಯುವ ಮನಸ್ಸಿರಬೇಕು,
ಮನಸ್ಸಿಗೆ ರಸೀದಿ ಇರಬೇಕು.

ಇವೆ. ಲಾಂಡ್ರಿಯ ಮೇಲಿನ ಕೋಣೆಯ ಕರಾರು—
ಕೆಳಗೆ ಡ್ರೈಯರು ತಿರುಗಿದರೆ ನನ್ನ ಅಂಗರಚನಾ ಪುಸ್ತಕ
ತಾನೇ ಮೇಜಿನಂಚಿಗೆ ನಡೆಯುತ್ತದೆ—
ಕರೆಂಟು ಬಿಲ್ಲು, ಮತದಾರರ ಚೀಟಿ,
ಶನಿವಾರ ಭಾನುವಾರ ಔಷಧದಂಗಡಿಯಲ್ಲಿ ದುಡಿದ ಸಂಬಳ,
ಒಂದು ನಾಯಿಯ ಲೈಸೆನ್ಸೂ ಇದೆ.
ನಾಯಿ ಮನೆಯೊಡತಿಯದು, ಹೆಸರು ಮಾತ್ರ ನನ್ನದು;
ಬೇಕಾದರೆ ಅದನ್ನು ಬಿಟ್ಟುಬಿಡಿ.
ಕಾರಿನ ಹಳೆಯ ನಂಬರ್ ಫಲಕ ಬಿಚ್ಚುವಾಗ
ಒಂದು ತಿರುಪು ಜಪ್ಪಯ್ಯ ಅಂದರೂ ಬರಲಿಲ್ಲ.
ಎಣ್ಣೆ ಬಿಟ್ಟೆ, ಬೈದೆ, ಕೊನೆಗೆ ಗರಗಸ ಹಿಡಿದೆ.
ಫಲಕ ಹಾಸಿಗೆಯಡಿ ಇದೆ. ಅದನ್ನು ನೀವು ಕೇಳಿಲ್ಲ.

ಇನ್ನು ಅಪ್ಪನ ವಿಷಯ.
ಹೊರರಾಜ್ಯದ ತಂದೆ ಮಗಳನ್ನು
ತನ್ನ ತೆರಿಗೆಯಲ್ಲಿ ಅವಲಂಬಿತಳೆಂದು ತೋರಿಸಕೂಡದು.
ಅಪ್ಪನದು ಕಲ್ಲಿದ್ದಲ ಬಾರ್ಜು ತಳ್ಳುವ ಹಡಗಿನಲ್ಲಿ ಹಗ್ಗದ ಕೆಲಸ,
ಇಪ್ಪತ್ತೆಂಟು ದಿನ ನೀರು, ಹದಿನಾಲ್ಕು ದಿನ ನೆಲ.
ಅಣ್ಣ ಸೈನ್ಯ ಸೇರಿದ ವರ್ಷ
ಆ ಕಾಲಮ್ಮಿನಲ್ಲಿ ಎರಡಿದ್ದದ್ದು ಒಂದಾಗಿತ್ತು.
ಮಾರ್ಚಿನಲ್ಲಿ ಅಡುಗೆಮನೆಯ ಮೇಜಿಗೆ ಕೂತು
ನನ್ನ ಮುಂದೆಯೇ, ಮೊದಲು ಪೆನ್ಸಿಲಿನಲ್ಲಿ,
ಸೊನ್ನೆ ಸುತ್ತಿದ. ನೋಡಿದ.
‘ಇಷ್ಟೇನಾ ಅವರಿಗೆ ಬೇಕಿದ್ದದ್ದು?’
‘ಇಷ್ಟೇ ಅಪ್ಪ. ವರ್ಷಕ್ಕೆ ಇಪ್ಪತ್ತಾರು ಸಾವಿರ ಉಳಿಯುತ್ತೆ.’
ಆಮೇಲೆ ಪೆನ್ನು ತಗೊಂಡ.
ಸೊನ್ನೆ ಪೂರ್ತಿ ಮುಚ್ಚಲಿಲ್ಲ,
ಎಡಮಗ್ಗುಲಲ್ಲಿ ಒಂದು ಕಿಂಡಿ ಉಳಿಯಿತು.
ಪ್ರತಿ ಲಗತ್ತಿಸಿದ್ದೇನೆ. ಕಿಂಡಿ ಕಂಡು
ಮಾಹಿತಿ ಅಪೂರ್ಣವೆಂದು ಹಿಂದಿರುಗಿಸಬೇಡಿ.

ಫೆಬ್ರವರಿಯ ಹತ್ತೊಂಬತ್ತು ದಿನ ಎಲ್ಲಿದ್ದಿರಿ, ಕೇಳಿದ್ದೀರಿ.
ಆಚೆ ದಡದಲ್ಲಿದ್ದೆ. ಅಪ್ಪನ ಬಲಗೈ
ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕಿತ್ತು.
ಗಾಯ ತೊಳೆದು ಕಟ್ಟಲಿಕ್ಕೆ ಬೇರೆ ಯಾರಿದ್ದರು?
ಹೋದ ವರ್ಷ ಹದಿನಾಲ್ಕನೆಯ ಮೇಜಿನ ಮೇಲೆ
ತನ್ನ ದೇಹವನ್ನು ನಮಗೆ ಬರೆದುಕೊಟ್ಟು ಮಲಗಿದ್ದ ಮುದುಕಿ,
ನಿಮ್ಮವಳೇ, ಎಂಬತ್ತೊಂದು ವರ್ಷ ಇಲ್ಲೇ ಇದ್ದವಳು,
ಅವಳ ಅಂಗೈಯಲ್ಲಿ ನಾನು ಹೆಸರು ಹಿಡಿದು ಕಲಿತ
ನರವೊಂದನ್ನು ಅಪ್ಪನ ಅಂಗೈಯಲ್ಲಿ ಹುಡುಕಿದೆ.
ಇತ್ತು, ಇದ್ದಲ್ಲೇ. ಸೂಜಿ ಮುಟ್ಟಿಸಿದರೆ
ಎರಡು ಬೆರಳಿಗೆ ಗೊತ್ತಾಗಲಿಲ್ಲ.
ಆ ಹತ್ತೊಂಬತ್ತು ದಿನ ಅವಲಂಬಿತ ಅವನು.
ನಿಮ್ಮ ಅರ್ಜಿಯಲ್ಲಿ ಅದಕ್ಕೊಂದು ಕಾಲಮ್ಮು ಹುಡುಕಿದೆ,
ಸಿಗಲಿಲ್ಲ.

ನದಿಯ ನೀರೆಲ್ಲ ನಮ್ಮದಂತೆ, ಅಪ್ಪ ಹೇಳುವುದು;
ನಿಮ್ಮ ರಾಜ್ಯ ಶುರುವಾಗುವುದು ಆ ದಡದ ಕೆಸರಿನಿಂದ.
ಮೂವತ್ತು ವರ್ಷ ನಿಮ್ಮ ಮಗ್ಗುಲಲ್ಲೇ ಹಾದುಹೋದವನು
ನನ್ನನ್ನು ಕರೆತರಲಿಕ್ಕೆಂದು ಒಂದು ಸಲ,
ಬಿಡಲಿಕ್ಕೆಂದು ಒಂದು ಸಲ ಒಳಗೆ ಬಂದಿದ್ದಾನೆ.

ಮೂರನೆಯ ಪ್ರಶ್ನೆ: ಈ ರಾಜ್ಯಕ್ಕೆ ಏಕೆ ಬಂದಿರಿ?
ಓದಲಿಕ್ಕೆ ಎಂದರೆ ಹೊರಗಿನವಳು.
ಉಳಿಯಲಿಕ್ಕೆ ಎಂದರೆ ಪೂರಾ ಸುಳ್ಳಲ್ಲ:
ನಾನು ಹುಟ್ಟಿದ ವಾರ್ಡು ಇನ್ನೂ ತೆರೆದಿದೆ,
ಆಚೆಯ ಹೆಂಗಸರು ಇನ್ನೂ ಸೇತುವೆ ದಾಟಿಯೇ ಬರುತ್ತಾರೆ,
ನಡುಸೇತುವೆಯಲ್ಲಿ ನೀರು ಒಡೆದುಕೊಂಡು.
ಈ ತುದಿಯಲ್ಲಿ ಯಾರಾದರೂ ನಿಂತಿರಬೇಕಲ್ಲ.

‘ಉಳಿಯಲು’ ಎಂದು ಬರೆದಿದ್ದೇನೆ.
ಒಂದು ಗೆರೆಯ ಮೇಲೆ ಖಾಲಿ ಇದೆ.

ಬುಧವಾರ ಬೆಳಿಗ್ಗೆ ನನಗೆ ಪ್ರಯೋಗಾಲಯ,
ಫೋನು ಮಾಡುವುದಾದರೆ ಮಧ್ಯಾಹ್ನ ಮಾಡಿ.

ರೋವೀನಾ ಸ್ಟಟ್ಲರ್,
ಲಾಂಡ್ರಿಯ ಮೇಲೆ, ಹಿಂದಿನ ಮೆಟ್ಟಿಲು.