ಚಾಟು

ಕಟಪಾಡಿಯ ಬೀಡಿ ಬ್ರಾಂಚಿನಲ್ಲಿ ನಾನು
ಇಪ್ಪತ್ತಾರು ವರ್ಷದ ಚೆಕ್ಕರ್.
ಕಟ್ಟು ಬಿಚ್ಚಿ ಬೆರಳಿಟ್ಟರೆ ಸಾಕು,
ನಿನ್ನೆ ರಾತ್ರಿ ಎಂಟೂವರೆಗೆ
ಟಿವಿಯಲ್ಲಿ ಏನಾಯಿತೆಂದು ಹೇಳಬಲ್ಲೆ.

ಸೀಮಂತವಾಗಿದ್ದರೆ ಬೀಡಿ ಸಡಿಲ,
ಹೊಗೆಸೊಪ್ಪು ಕಮ್ಮಿ, ಬಾಯಿ ಮಡಚಿದ್ದು ಓರೆ.
ಅತ್ತೆ ಹಾಲಿಗೆ ಏನೋ ಬೆರೆಸಿದ ರಾತ್ರಿ ಸುತ್ತಿದ್ದು
ಎಷ್ಟು ಬಿಗಿಯೆಂದರೆ
ಎಳೆದವನ ಕೆನ್ನೆ ಒಳಗೆ ಹೋದೀತು.

ಮನೆಮಾತು ಹೆಚ್ಚಿನವರದು ತುಳು,
ಅವ್ವಮ್ಮನದು ಬ್ಯಾರಿ, ಸೆಲಿನ್ ಬಾಯಿಯದು ಕೊಂಕಣಿ.
ಈಚೆಗೆ ಜಗಳ ಮಾತ್ರ ಕನ್ನಡದಲ್ಲಿ,
ಅದೂ ಘಟ್ಟದ ಮೇಲಿನ ಕನ್ನಡದಲ್ಲಿ.
"ನಿನ್ನ ಸುಮ್ನೆ ಬಿಡಲ್ಲ" ಎನ್ನುತ್ತಾಳೆ ಜಲಜಾಕ್ಷಿ ನಾದಿನಿಗೆ
ಒಂದೇ ಹುಬ್ಬು ಎತ್ತಿ.
ಆ ಹುಬ್ಬು ತಾಯಿಯಿಂದ ಬಂದದ್ದಲ್ಲ;
ತಾಯಿಯನ್ನು ಬಲ್ಲೆ, ಸಿಟ್ಟು ಬಂದರೆ ಬಾವಿಕಟ್ಟೆಗೆ ಹೋಗಿ
ನಾಲ್ಕು ಕೊಡ ಹೆಚ್ಚಿಗೆ ಸೇದುತ್ತಿದ್ದಳು.

ಕಾಲ ಕೆಟ್ಟುಹೋಯಿತೆಂದು
ನಾನೂ ಮೇನೇಜರೂ ಚಹಾ ಕುಡಿಯುತ್ತ ಒಪ್ಪಿಕೊಂಡಿದ್ದೆವು.
ಒಂದು ಡಬ್ಬಿ ಇಡೀ ಊರಿನ ಬುದ್ಧಿ ತಿಂದಿತಲ್ಲ!
ಚಹಾದ ಮೇಲೆ ಸೇದಲು
ಚಾಟಿನ ಬುಟ್ಟಿಯಿಂದಲೇ ಒಂದೊಂದು ಎತ್ತುತ್ತಿದ್ದೆವು.

ಚಾಟು ಅಂದರೆ ತೇರ್ಗಡೆಯಾಗದ ಬೀಡಿ.
ಸಾವಿರಕ್ಕೆ ಮೂವತ್ತು ಕೆಟ್ಟರೆ
ನಾನು ಐವತ್ತು ಬರೆಯುತ್ತಿದ್ದೆ.
ಹಿಂದಿನ ಚೆಕ್ಕರ್ ಕಲಿಸಿದ್ದು,
ನಮ್ಮ ಮನೆಗೆ ಟಿವಿ ಬರುವ ಏಳು ವರ್ಷ ಮೊದಲು.

ಮಂಗಳವಾರ ಸುಗಂಧಿ ಬಂದಳು,
ಎಂದೂ ತಲೆ ಎತ್ತದವಳು.
ಪಾಸ್‌ಬುಕ್ಕಿನಲ್ಲಿ ನಾನು ಐವತ್ತೆಂದು ಬರೆಯುವಾಗ
ಹೋಗದೆ ನಿಂತಳು,
ಕ್ಯಾಮರಾ ಮೂರು ಸಲ ಮುಖಕ್ಕೆ ಬಂದು ಹೋಗುವಷ್ಟು ಹೊತ್ತು.
ಆಮೇಲೆ, ಧಾರಾವಾಹಿಯ ವಕೀಲೆಯ ಕನ್ನಡದಲ್ಲಿ,
ಒಂದೊಂದು ಅಕ್ಷರ ಬಿಡಿಸಿ:
"ನನ್ನ ಕಣ್ಣೆದುರು ಎಣಿಸಿ.
ಸಾಕ್ಷಿಯಿಲ್ಲದೆ ನಾನು ಒಪ್ಪುವುದಿಲ್ಲ."

ಸಾಲಿನಲ್ಲಿ ಯಾರೂ ನಗಲಿಲ್ಲ.
ಗುಡುಗಿಗೆ ಕಾದೆ, ತಮಟೆಗೆ ಕಾದೆ.
ಫ್ಯಾನು ಮಾತ್ರ ಕಟಕಟ.
ನನ್ನ ಮುಖ ತಾನಾಗಿಯೇ ಏನೋ ಮಾಡುತ್ತಿತ್ತು,
ಅದು ಎಲ್ಲಿ ನೋಡಿದ ಮುಖವೆಂದು
ನನಗೆ ಚೆನ್ನಾಗಿ ಗೊತ್ತಿತ್ತು.

ಎಣಿಸಿದೆ. ಇಪ್ಪತ್ತೆಂಟು.
"ದಾನೆ ಚೆಕ್ಕರ್ರೆ, ಕಣ್ಣಿಗೆ ಪೊರೆಯಾ?" ಎಂದಳು ಅವ್ವಮ್ಮ.
ಸುಗಂಧಿ ಬೆವರಿದ್ದಳು. ವಕೀಲೆಯ ಮಾತು ಮುಗಿದಿತ್ತು,
ಮುಂದಿನದನ್ನು ಬರೆದುಕೊಟ್ಟವರಿಲ್ಲ.
ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿ
"ಬರ್ಪೆ" ಅಂದಳು ತುಳುವಿನಲ್ಲಿ, ನೆಲ ನೋಡಿ,
ಹೋದಳು.

ರಾತ್ರಿ ಎಂಟೂವರೆಗೆ ಹೆಂಡತಿ ಕರೆದಳು:
"ಬನ್ನಿ ಮಾರಾಯ್ರೆ, ಇವತ್ತು ಆ ಕಳ್ಳ ಸಿಕ್ಕಿಬೀಳ್ತಾನೆ!"
ಗಂಜಿ ಬಿಸಿಯಿದೆಯೆಂದು ನೆಪ ಹೇಳಿ
ಬಟ್ಟಲು ಹಿಡಿದು ಅಡುಗೆಮನೆಯಲ್ಲೇ ಕೂತೆ.
ಗೋಡೆಯಾಚೆ ಗುಡುಗು, ತಮಟೆ.
ಅವನು ಸಿಕ್ಕಿಬಿದ್ದನೋ ಇಲ್ಲವೋ
ನಾಳೆ ಕಟ್ಟು ಬಿಚ್ಚಿದಾಗ ತಿಳಿದೀತು.