ಬೆಕ್ಕಿಗೆ ಎಟುಕದ್ದು

ಓವೀ ಕೇಳಿದ್ದು ಸೋಮವಾರ ಸಂಜೆ, ಭಿನ್ನರಾಶಿಗಳ ನಡುವೆ.
ಬಾಲ್ಕನಿಯ ಮನಿಪ್ಲಾಂಟಿನ ಕುಂಡ
ನಾನೇ ಹಳೇ ನೈಲಾನ್ ಹಗ್ಗ ಹೆಣೆದು ತೂಗಿಬಿಟ್ಟದ್ದು.
"ಕಾಕೂ, ಇದಕ್ಕೆ ನಾವು ಶಿಂಕೆ ಅಂತೀವಿ. ನೀವು?"

ಬಾಯಿ ತೆರೆದೆ.

ಗೋಕಾಕದ ಅಡುಗೆಮನೆ ಬಂತು, ಪೂರ್ತಿ.
ಮಸಿ ಹಿಡಿದ ಜಂತಿ, ಜಂತಿಯಿಂದಿಳಿದ ಹುರಿ,
ಒಂದರ ಮೇಲೊಂದು ಮೂರು ಗಡಿಗೆ, ಮೇಲಿನದರಲ್ಲಿ ಬೆಣ್ಣೆ,
ಕೆಳಗೆ ಬಾಲ ಸುತ್ತಿಕೊಂಡು ಮೇಲೆ ನೋಡುವ ಬೆಕ್ಕು.
ಅಜ್ಜಿ ತುದಿಗಾಲಲ್ಲಿ ನಿಂತಾಗ ಕಾಣುವ ಹಿಮ್ಮಡಿಯ ಬಿರುಕು,
ಬಿರುಕಿನೊಳಗಿನ ಅರಿಶಿನ ಕೂಡ ಬಂತು.
ಹೆಸರೊಂದು ಬರಲಿಲ್ಲ.

ಮಗುವಿನ ಮುಂದೆ ಬರಿಗೈಯಲ್ಲಿ ನಿಲ್ಲಲಾರದೆ
"ತೂಗುಗೂಡು" ಅಂದುಬಿಟ್ಟೆ.
ಆಗಷ್ಟೇ ಹುಟ್ಟಿದ ಪದ, ಹೊಕ್ಕುಳು ಕೂಡ ಒಣಗಿಲ್ಲ.
ಅವಳು ಮೂರನೇ ಎರಡರ ಪಕ್ಕ
ನಾಗರಿಯಲ್ಲಿ ಬರೆದುಕೊಂಡಳು.

ಮಂಗಳವಾರ, ಡೊಂಬಿವಲಿಯಿಂದ ಎಂಟೂ ಹದಿನಾಲ್ಕರ ಫಾಸ್ಟ್.
ಹಿಡಿಕೆಗೆ ಜೋತು ನಾನೂ ಒಂದು ಗಡಿಗೆ.
ನ-ಕಾರದಿಂದ ಶುರು, ಅಷ್ಟು ಖಾತ್ರಿ.
ಮೂರಕ್ಷರ. ಕೊನೆಗೆ ತುಟಿ ಮುಂದಾಗಬೇಕು: ವು.
ನಿಲುವು ಬಂತು. ಅಲ್ಲ.
ನಲಿವು ಬಂದು ಒತ್ತಿಕೊಂಡೇ ಕೂತಿತು
ಫೋರ್ತ್ ಸೀಟಿನವಳ ಹಾಗೆ. ಅಲ್ಲ.
ನೋವು, ಟಿಕೆಟ್ಟಿಲ್ಲದೆ.
ನೀನು ಕರೆಯದೆಯೂ ಬರುವವಳು, ಇಳಿ.

ಒಳಗೊಬ್ಬಳು ಟೀಸಿ ನಿಂತಿದ್ದಾಳೆ,
ಬಂದವರನ್ನೆಲ್ಲ ಅಲ್ಲ, ಅಲ್ಲ ಎಂದು ತಳ್ಳುತ್ತಾಳೆ.
ಸರಿಯಾದದ್ದು ಯಾವುದೆಂದು ತಿಳಿಯದವಳು
ತಪ್ಪನ್ನು ಹೇಗೆ ಹಿಡಿದಾಳು?
ತಿಳಿದಿದ್ದರೆ ನನಗೇಕೆ ಹೇಳಳು?
ಒಂದೇ ತಲೆಯೊಳಗಿದ್ದು
ನಾವಿಬ್ಬರೂ ಮಾತು ಬಿಟ್ಟದ್ದು ಯಾವಾಗ?

ಮಸೀದಿ ಬಂದರಿನ ಅಂಗಡಿಯಲ್ಲಿ
ಏಲಕ್ಕಿ, ಜೀರಿಗೆ, ಗಸಗಸೆಯ ಲೆಕ್ಕ ಕೈ ತಾನೇ ಬರೆಯಿತು.
ಇಪ್ಪತ್ತಾರು ವರ್ಷದ ಕೈ, ಒಂದಂಕಿ ತಪ್ಪಲಿಲ್ಲ;
ನಾನಲ್ಲಿಲ್ಲವೆಂದು ಅದು ಗಮನಿಸಲೂ ಇಲ್ಲ.
ತಂಗಿಗೆ ಫೋನ್ ಮಾಡಬಹುದಿತ್ತು.
ಮಾಡಲಿಲ್ಲ. ಅವಳ ಗಡಿಗೆಯ ಬೆಣ್ಣೆ ನನಗೇಕೆ.

ಸಂಜೆ ಬಿಟ್ಟೇಬಿಟ್ಟೆ.
ಠಾಣೆ ದಾಟಿತು. ಎದುರಿನವಳು ಗೋರಿಕಾಯಿಯ ನಾರು ತೆಗೆಯುತ್ತಿದ್ದಳು,
ಅವಳ ಗೆಳತಿ ನಾದಿನಿಯ ಸೀಮಂತದ ಸೀರೆ ವರ್ಣಿಸುತ್ತಿದ್ದಳು.
ಪಾರಸಿಕ ಸುರಂಗ ಬಂತು, ಕಿವಿ ತುಂಬ ಗಾಳಿ,
ಹೊರಗೆ ಏನೂ ಇಲ್ಲ.
ಸೀರೆ ರಾಣಿಬಣ್ಣವೋ ಬದನೆಯದೋ
ಎಂದು ಯೋಚಿಸುತ್ತಿದ್ದೆ, ಆಣೆಯಾಗಿ ಅಷ್ಟೇ,
ಆಗ

ನೆಲುವು.

ಹುರಿ ತಾನೇ ಹರಿದು
ಗಡಿಗೆ ಮಡಿಲಿಗೆ ಬಿದ್ದ ಹಾಗೆ.
ಮರಾಠಿ ಗಾದೆಯ ಗಂಡುಬೆಕ್ಕು ನಾನೇ.
ಜೋರಾಗಿ ಅಂದೆನೇನೋ, ಗೋರಿಕಾಯಿಯವಳು ತಲೆಯೆತ್ತಿದಳು.
"ಸಿಕ್ಕಿತು" ಅಂದೆ, ಅವಳ ಭಾಷೆಯಲ್ಲಿ.
ಕಾಲ ಬುಡದಲ್ಲಿ ನನ್ನದೇನೋ ಬಿದ್ದಿದೆಯೆಂದು
ಪಾಪ, ಕಾಲು ಸರಿಸಿಕೊಂಡಳು.

ಚೀಲ ಕೂಡ ಇಳಿಸದೆ ಕೆಳಗಿನ ಮನೆಯ ಬಾಗಿಲು ತಟ್ಟಿದೆ.
"ಓವೀ, ನೆಲುವು! ಅದರ ಹೆಸರು ನೆಲುವು."
ಅವಳು ಒಪ್ಪಲಿಲ್ಲ.
ಶಾಲೆಯಲ್ಲಿ ಆಗಲೇ ನಾಲ್ವರಿಗೆ ಹೇಳಿಯಾಗಿತ್ತು.
ಒಬ್ಬ ಚಿತ್ರ ಬೇರೆ ಬರೆದುಕೊಟ್ಟಿದ್ದ:
ಹಗ್ಗದ ಗೂಡು, ಒಳಗೆ ನೀಲಿ ಮೊಟ್ಟೆ,
ಮೊಟ್ಟೆಯ ಮೇಲೊಂದು ಸಿಡುಕಿನ ಹಕ್ಕಿ.
"ಇದು ತೂಗ್ಗೂಡು" ಎಂದಳು ನನಗೆ ಪಾಠ ಹೇಳುವಂತೆ,
ನಡುವಿನ ಅಕ್ಷರ ಅರ್ಧ ನುಂಗಿ.

ನನ್ನ ಅಡುಗೆಮನೆಯಲ್ಲಿ ಹಕ್ಕಿ ಇರಲಿಲ್ಲ.
ಬೆಣ್ಣೆ ಇತ್ತು. ಅದನ್ನವಳಿಗೆ ಹೇಗೆ ಹೇಳಲಿ,
ಈ ಹಕ್ಕಿಯನ್ನು ಅಜ್ಜಿಗೆ ಹೇಗೆ?

ರಾತ್ರಿ ಕುಂಡಕ್ಕೆ ನೀರೆರೆದೆ.
ನೆಲುವು, ನೆಲುವು ಎನ್ನುತ್ತಲೇ ಎರೆದೆ, ಮತ್ತೆ ಜಾರಿಹೋಗದಿರಲೆಂದು.
ಲೆಕ್ಕ ತಪ್ಪಿ ಹೆಚ್ಚಾಯಿತು.
ಕೆಳಗಿನ ಬಾಲ್ಕನಿಯಿಂದ ಓವೀಯ ಆಯಿ ಕೂಗಿದಳು:
"ವಹಿನೀ, ನಿಮ್ಮ ತೂಗ್ಗೂಡು ಸೋರ್ತಾ ಇದೆ!"