ಒಂದಕ್ಕೆ ಐನೂರು

ನಿನ್ನೆ ಸಂಜೆ, ಮೈನಸ್ ಎಂಬತ್ತರ ಫ್ರೀಜರಿನ ಮೂರನೇ ಅರೆಯಲ್ಲಿ
ಮಂಜು ಕೆರೆದರೆ ಸಿಕ್ಕಿತು, ಒಂದೇ ಒಂದು ಟ್ಯೂಬು.
ಉಳಿದವಕ್ಕೆಲ್ಲ ಇಂಗ್ಲಿಷ್ ಅಕ್ಷರ, ತಾರೀಖು, ಬ್ಯಾಚು;
ಇದರ ಮೇಲೆ ಮಾತ್ರ ಕಪ್ಪು ಮಾರ್ಕರಿನಲ್ಲಿ ಕನ್ನಡ,
ಒತ್ತಕ್ಷರ ಅರ್ಧ ಅಳಿಸಿ: ಬೆಣ್ಣೆ.

ಮುನಿಯಲ್ಲಪ್ಪನವರ ಕೈಬರಹ.
ಪ್ರಾಣಿಮನೆಯ ಹದಿನಾಲ್ಕನೇ ಪಂಜರದ ಮೊಲಕ್ಕೆ
ಬರೀ ನಂಬರು ಸಾಲದು ಅನ್ನಿಸಿತ್ತು ಅವರಿಗೆ.
ಮತ್ತೀಕೆರೆಯಿಂದ ಕೊತ್ತಂಬರಿ ದಂಟು
ಜೇಬಿನಲ್ಲಿ ಬಚ್ಚಿಟ್ಟು ತರುತ್ತಿದ್ದರು,
ನಿಯಮಕ್ಕೆ ವಿರುದ್ಧ.

ಇಲಿಯ ಮಿದುಳಿನ ಪ್ರೋಟೀನಿನ ಒಂದು ತುಣುಕನ್ನು
ಆ ಮೊಲಕ್ಕೆ ಚುಚ್ಚಿದ್ದೆವು, ನಾಲ್ಕು ಸಲ.
ನರದ ತುದಿಯಲ್ಲಿ, ಮಾತು ಹೊರಡುವ ಹೊಸ್ತಿಲಲ್ಲಿ
ಗುಳ್ಳೆಗಳನ್ನು ಕಟ್ಟಿ ಕೂರಿಸುವ ಪ್ರೋಟೀನು ಅದು.
ಮೊಲಕ್ಕೇನು ಗೊತ್ತು? ಯಾರೋ ಹೊರಗಿನವರು ಅಂದುಕೊಂಡಿತು,
ರಕ್ತದಲ್ಲೇ ಹಗೆ ಸಾಧಿಸಿತು, ಸದ್ದಿಲ್ಲದೆ.
ಆ ಹಗೆಯನ್ನೇ ಸೋಸಿ, ಹನಿಹನಿಯಾಗಿ ಹಂಚಿಟ್ಟು
ಒಂಬತ್ತು ವರ್ಷ ದೀಪ ಹಚ್ಚಿಕೊಂಡೆವು ನಾವು.
ಉಳಿದದ್ದು ಹತ್ತು ಮೈಕ್ರೋಲೀಟರು.

ಕೂದಲಿಗಿಂತ ತೆಳು ಹೋಳುಗಳು; ಬ್ರಶ್ಶಿನ ತುದಿಯಲ್ಲಿ ಎತ್ತಬೇಕು,
ಉಸಿರು ತಾಗಿದರೂ ಮಡಚಿಕೊಳ್ಳುತ್ತವೆ ನೀರುದೋಸೆಯ ಅಂಚಿನ ಹಾಗೆ.
ಮೊದಲು ಮೇಕೆಯ ಸೀರಮ್ಮಿನಲ್ಲಿ ಒಂದು ಗಂಟೆ,
ಸಿಕ್ಕಿದ್ದಕ್ಕೆಲ್ಲ ಅಂಟುವ ಜಾಗಗಳು ಮೊದಲೇ ಭರ್ತಿಯಾಗಲಿ ಎಂದು,
ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ.
ಆಮೇಲೆ ಬೆಣ್ಣೆ, ಒಂದಕ್ಕೆ ಐನೂರು.
ಜೊತೆಗೆ ದುಡ್ಡು ಕೊಟ್ಟು ತರಿಸಿದ ಗಿನಿಪಿಗ್ಗಿನದು,
ಆಚೆ ದಡದ ಪ್ರೋಟೀನಿಗೆ.
ರಾತ್ರಿಯಿಡೀ ನಾಲ್ಕು ಡಿಗ್ರಿಯ ಚಳಿಯಲ್ಲಿ ತೂಗುವ ತಟ್ಟೆ.
ಎರಡು ಸಲ ಕರೆಂಟು ಹೋಗಿತ್ತಂತೆ. ಜನರೇಟರು ಕೈಕೊಡಲಿಲ್ಲ.

ಬೆಳಿಗ್ಗೆ ತೊಳೆ, ತೊಳೆ, ಮತ್ತೆ ತೊಳೆ.
ಮೊಲದ್ದನ್ನು ಹಿಡಿಯುವ ಮೇಕೆಯದಕ್ಕೆ ಹಸಿರು ಬಣ್ಣ ಕಟ್ಟಿದೆ,
ಗಿನಿಪಿಗ್ಗಿನದನ್ನು ಹಿಡಿಯುವುದಕ್ಕೆ ನೇರಳೆ.
ಒಂದು ಪ್ರಾಣಿಯ ಸಿಟ್ಟಿನ ಬೆನ್ನ ಮೇಲೆ ಇನ್ನೊಂದರ ಸಿಟ್ಟು,
ತುದಿಯಲ್ಲೊಂದು ಕಂದೀಲು.

ಕತ್ತಲೆ ಕೋಣೆ.
ಮೊದಲು ಕಂಟ್ರೋಲ್ ಸ್ಲೈಡು, ಬೆಣ್ಣೆ ಹಾಕದೆ ಬಿಟ್ಟದ್ದು.
ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗಾಗಿಯೇ
ಇದನ್ನು ಇಡುವುದು. ಇದೂ ಹೊಳೆದರೆ
ಉಳಿದ ಯಾವ ಹೊಳಪನ್ನೂ ನಂಬುವ ಹಾಗಿಲ್ಲ.
ಕಪ್ಪು. ಅಂಚಿನಲ್ಲೂ ಕಪ್ಪು.
ಏನೂ ಇಲ್ಲದ್ದು ಇಷ್ಟು ಚೆಂದ ಇರುವುದನ್ನು
ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಇನ್ನೊಂದು.
ಹಸಿರು ಚುಕ್ಕೆ, ನೇರಳೆ ಚುಕ್ಕೆ, ಸಾಸಿವೆ ಸಿಡಿದ ಹಾಗೆ;
ನಾನು ಬರುವ ಹಸಿರು ಮೆಟ್ರೋ, ತಂಗಿ ಹತ್ತುವ ನೇರಳೆ ಮೆಟ್ರೋ,
ಎರಡೂ ತಾಗುವ ಕಡೆ ಬಿಳಿ.
"ಸೇರಿಬಿಟ್ಟವು ಮೇಡಂ!" ಹೊಸ ಹುಡುಗ ಇಂದುಧರ.
ಇಲ್ಲಪ್ಪ. ನಡುವೆ ಸಂದು ಇದೆ,
ಇಪ್ಪತ್ತು ನ್ಯಾನೋಮೀಟರು. ದಾಟಬೇಕಾದ್ದು ದಾಟುವುದು ಅಲ್ಲೇ.
ನಮ್ಮ ಬೆಳಕು ದಪ್ಪ, ಅದಕ್ಕೆ ಸಂದು ಕಾಣುವುದಿಲ್ಲ.
ಬಿಳಿ ಅಂದರೆ ಅವು ಕೂಡಿದವು ಅಂತಲ್ಲ,
ಬಿಡಿಸಿ ನೋಡಲು ನಮ್ಮಿಂದ ಆಗಲಿಲ್ಲ ಅಂತ.
ಅವನು ಅದನ್ನೂ ಬರೆದುಕೊಂಡ, ಕೆಳಗೆ ಗೆರೆ ಎಳೆದು.

ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ.
ಮುನಿಯಲ್ಲಪ್ಪನವರು ಈಗ ಬಾಗಲೂರಿನಲ್ಲಿ
ಮಗಳ ಜೆರಾಕ್ಸ್ ಅಂಗಡಿ ನೋಡಿಕೊಳ್ಳುತ್ತಾರೆ.
"ಬೆಣ್ಣೆ ಮುಗೀತು" ಅಂದೆ.
ಆ ಕಡೆ ಯಂತ್ರ ಎರಡು ಹಾಳೆ ಉಗುಳುವಷ್ಟು ಹೊತ್ತು ಮಾತಿಲ್ಲ.
"ಅದು ಸತ್ತು ಎಂಟು ವರ್ಸ ಆಯ್ತಲ್ಲಮ್ಮ."
ಮತ್ತೆ, "ಒಂದ್ಸಲ ಕಚ್ಚಿತ್ತು. ಎಡಗೈ ಹೆಬ್ಬೆಟ್ಟು.
ಇನ್ನೂ ಐತೆ ಗುರ್ತು."
ಯಾರಿಗೋ ಚಿಲ್ಲರೆ ಕೊಡಬೇಕಿತ್ತು, ಇಟ್ಟುಬಿಟ್ಟರು.

ಪೇಪರಿನಲ್ಲಿ ಒಂದು ಸಾಲು ಬರೆಯುತ್ತೇವೆ:
ಮೊಲ, ಪಾಲಿಕ್ಲೋನಲ್, ನಮ್ಮಲ್ಲೇ ತಯಾರಿಸಿದ್ದು, ಒಂದಕ್ಕೆ ಐನೂರು.
ಖಾಲಿ ಟ್ಯೂಬನ್ನು ಹಳದಿ ಚೀಲಕ್ಕೆ ಹಾಕಬೇಕು.
ಹಾಕಿಲ್ಲ ಇನ್ನೂ. ಕೋಟಿನ ಜೇಬಿನಲ್ಲಿದೆ,
ಕೊತ್ತಂಬರಿಯ ಹಾಗೆ.